ಲೋಕಾಂತ್ಯದ ನಿರೀಕ್ಷೆ ಮತ್ತು ನಮ್ಮ ಮೃತರು



ಶತಮಾನೋತ್ಸವದ ಸಂಭ್ರಮದಲ್ಲಿ ಲೋಕಾಂತ್ಯದ ಮಾತೇಕೆಂದು ತಾವು ಕೇಳಬಹುದು. ಆದಿ ಕ್ರೈಸ್ತರು ನೂರು ವರ್ಷಗಳ ಲೆಕ್ಕವನ್ನೇ ಇಟ್ಟವರಲ್ಲ. ತಮ್ಮ ಜೀವಮಾನದಲ್ಲಿಯೇ ಪ್ರಭುವು ಮಹಿಮೆಯಿಂದ ಮರಳಿ ಬರುವನೆಂದು ಅವರಲ್ಲಿ ಬಹುಮಂದಿ ನಂಬಿದ್ದರು. ಪ್ರಭುವನ್ನು ಬಾರೆಂದು ಕರೆಯುವ 'ಮಾರಾನಾಥ' ಎಂಬ ಅರಮಾಯಿಕ್ ನುಡಿಯು ಅವರ ಪ್ರಾರ್ಥನೆಯಾಗಿತ್ತು.

ದಿನಗಳು ಉರುಳಿದವು, ವಿಶ್ವಾಸಿಗಳಲ್ಲಿ ಕೆಲವರು ತೀರಿಕೊಂಡರು. ಆಗ ಥೆಸಲೋನಿಕದ ಸಭೆಯನ್ನು ಒಂದು ಕಳವಳ ಕಾಡಿತು: ಮಡಿದವರು ಆ ಮಹಾದಿನದ ಭಾಗ್ಯದಿಂದ ವಂಚಿತರಾಗುವರೇ? ಕ್ರಿ.ಶ. 50ರ ಸುಮಾರಿಗೆ ಸಂತ ಪೌಲನು ಅವರಿಗೆ ಪತ್ರ ಬರೆದು, ಮೃತರೇ ಮೊದಲು ಎದ್ದು ಬರುವರೆಂದು ಸಂತೈಸಿದನು. ಆ ದಿನವು ಹೇಳದೆ ಕೇಳದೆ ಬರುವುದಾದ್ದರಿಂದ ಕಾಲವನ್ನು ಎಣಿಸುತ್ತ ಕೂಡಬಾರದೆಂದೂ ತಿಳಿಸಿದನು.

ಬೀಳಗಿ ಸೀಮೆಯ ಜನರಿಗೆ ಈ ಕಳವಳವು ಅಪರಿಚಿತವಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಈ ತಾಲ್ಲೂಕಿನ ಹಲವು ಊರುಗಳು ಮುಳುಗಡೆಯಾದವು. ಮನೆಯ ತೊಲೆ ಬಾಗಿಲುಗಳನ್ನು ಬಂಡಿಗೆ ಹೇರಬಹುದು. ಹಿರಿಯರ ಗೋರಿಗಳನ್ನು ಹೇರಲಾದೀತೇ? ಅವು ನೀರಿನಡಿಯಲ್ಲಿ ಉಳಿದವು. 2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಯರು ಉಕ್ಕಿ ಜಮಖಂಡಿ, ಮುಧೋಳ ಭಾಗದ ಹಳ್ಳಿಗಳನ್ನು ಹೊಕ್ಕಾಗಲೂ ಅನೇಕರಿಗೆ ತಮ್ಮ ಲೋಕವೇ ಮುಗಿದಂತೆ ತೋರಿತು. ಪೌಲನ ಸಾಂತ್ವನವು ಇವರಿಗೂ ಸಲ್ಲುತ್ತದೆ. ನೀರು ಮುಚ್ಚಿದ ನೆಲವನ್ನು ದೇವರು ಮರೆತಿಲ್ಲ. ಅಲ್ಲಿ ಮಲಗಿದವರು ಅವನ ಕೈಬಿಟ್ಟು ಹೋದವರಲ್ಲ.

ಆದರೆ ನಿರೀಕ್ಷೆಯು ಆಲಸ್ಯಕ್ಕೆ ನೆಪವಾಗಬಾರದು. ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿ, ದುಡಿಮೆ ಬಿಟ್ಟು ಪರರ ಅನ್ನಕ್ಕೆ ಕಾಯುವವರಿಗೆ ಕಟುವಾದ ಬುದ್ಧಿವಾದವಿದೆ. ಪೌಲನು ಸ್ವತಃ ಗುಡಾರಗಳನ್ನು ಮಾಡಿ ಹೊಟ್ಟೆ ಹೊರೆದವನು. ರಬಕವಿ-ಬನಹಟ್ಟಿಯ ನೇಕಾರರಿಗೆ ಅವನ ಮಾತು ಬೇಗನೆ ತಿಳಿದೀತು. ಮಗ್ಗ ನಿಂತರೆ ಒಲೆ ಹೊತ್ತುವುದಿಲ್ಲ.

ಕಾಲವನ್ನು ನಿಗದಿಪಡಿಸಲು ಹೊರಟವರೂ ಇದ್ದರು. ಎರಡನೆಯ ಶತಮಾನದಲ್ಲಿ ಮೊಂಟಾನುಸನ ಅನುಯಾಯಿಗಳು, ಸ್ವರ್ಗೀಯ ಜೆರುಸಲೇಮು ಫ್ರಿಜಿಯ ಸೀಮೆಯಲ್ಲಿ ಇಳಿದುಬರುವುದೆಂದು ಕಾದರು, ಅದು ಇಳಿಯಲಿಲ್ಲ. ಪ್ರಕಟನಾ ಗ್ರಂಥದ ಸಾವಿರ ವರ್ಷಗಳ ಆಳ್ವಿಕೆಯನ್ನು ಸಂತ ಐರೇನಿಯುಸನಂಥ ಹಿರಿಯರು ಅಕ್ಷರಶಃ ಗ್ರಹಿಸಿದ್ದರು. ಐದನೆಯ ಶತಮಾನದಲ್ಲಿ ಸಂತ ಅಗುಸ್ತೀನನು, ಅದು ಧರ್ಮಸಭೆಯು ಬಾಳುತ್ತಿರುವ ಈ ಯುಗವೇ ಎಂದು ವಿವರಿಸಿದನು. ಧರ್ಮಸಭೆಯು ಬಹುಮಟ್ಟಿಗೆ ಈ ಅರ್ಥವನ್ನೇ ಅನುಸರಿಸಿತು.

ಕೊಡೇಕಲ್ ಬಸವಣ್ಣನ ಕಾಲಜ್ಞಾನವನ್ನು ಕೇಳುತ್ತ ಬಂದ ಈ ನಾಡಿನಲ್ಲಿ ಮುಂದಾಗುವುದನ್ನು ತಿಳಿಯುವ ಕುತೂಹಲವು ಸಹಜ. ನಮಗಾದರೋ ದಿನಾಂಕವು ತಿಳಿಯದಿದ್ದರೂ ಕರ್ತವ್ಯವು ತಿಳಿದಿದೆ. ಪ್ರತಿಯೊಂದು ಬಲಿಪೂಜೆಯಲ್ಲಿಯೂ ಪ್ರಭುವಿನ ಪುನರಾಗಮನವನ್ನು ನಾವು ಸಾರುತ್ತೇವೆ. ಹಾಗೆ ಸಾರಿದ ನಾಲಗೆಯು ನೆರೆಯಲ್ಲಿ ಮನೆ ಕಳೆದುಕೊಂಡವನನ್ನು ಒಳಗೆ ಬಾರೆಂದು ಕರೆಯಲಿ. ಅವನನ್ನು ಬರಮಾಡಿಕೊಂಡವರು, ಪ್ರಭುವು ಎಂದು ಬಂದರೂ ಅವನನ್ನು ಎದುರುಗೊಳ್ಳಲು ಅಂಜಬೇಕಾಗಿಲ್ಲ.