ಕಾದ ಜೋಡಣೆಯನ್ನು ಕಂಡುಹಿಡಿಯುವುದು ಹೇಗೆ?

(ಯಂಕಂಚಿಯ ಹಾಲು ಉತ್ಪಾದಕ ಸದಸ್ಯರ ಮುಂದೆ ಪಶುವೈದ್ಯ ವಿಸ್ತರಣಾಧಿಕಾರಿ ಮಾಡಿದ ಭಾಷಣ)



ದನದ ಡಾಕ್ಟರು ಗಾಡಿಯ ಮಾತು ಏಕೆ ಆಡುತ್ತಾರೆ ಎಂದು ನೀವು ಕೇಳಬಹುದು. ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಆ ಶಾಖದಲ್ಲಿ ಹುಳಿ ಮಾಡುವ ಸೂಕ್ಷ್ಮಾಣುಗಳು ಬೇಗ ಬೆಳೆಯುತ್ತವೆ. ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸಿಂದಗಿ ಕಡೆಗೆ ಹೊರಟ ಹಾಲಿನ ಗಾಡಿ ಆಗ ನಡುದಾರಿಯಲ್ಲಿ ನಿಂತರೆ ಇಡೀ ಊರಿನ ಒಂದು ಹೊತ್ತಿನ ದುಡಿಮೆ ಹಾಳು.

ಗಾಡಿ ಸ್ಟಾರ್ಟ್ ಆಗದಿದ್ದರೆ ನಾವು ಮೊದಲು ದೂರುವುದು ಬ್ಯಾಟರಿಯನ್ನು. ಹೊಸದು ಹಾಕಿಸುತ್ತೇವೆ, ಕೆಲವೇ ತಿಂಗಳಲ್ಲಿ ಅದೂ ಇಳಿದು ಕೂಡುತ್ತದೆ. ಅನೇಕ ಸಲ ದೋಷ ಬ್ಯಾಟರಿಯದೂ ಅಲ್ಲ, ಆಲ್ಟರ್ನೇಟರಿನದೂ ಅಲ್ಲ. ಎರಡರ ನಡುವೆ ಸಡಿಲಾದ, ಕಿಲುಬು ಹಿಡಿದ ಒಂದು ಜೋಡಣೆಯದು.

ಕರೆಂಟು ಎರಡು ಪಟ್ಟಾದರೆ ತಂತಿಯ ಶಾಖ ನಾಲ್ಕು ಪಟ್ಟಾಗುತ್ತದೆಂಬ ನಿಯಮವನ್ನು 1841ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ತೋರಿಸಿಕೊಟ್ಟರು. ಒಂದು ಕೆಟ್ಟ ಜೋಡಣೆಯ ತಡೆ ಓಮ್‌ನ 50ರಲ್ಲಿ ಒಂದು ಭಾಗ ಮಾತ್ರ ಎಂದುಕೊಳ್ಳಿ. 40 ಆಂಪಿಯರ್ ಹರಿದಾಗ ಅಲ್ಲಿ 32 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಶಾಖವೂ ಸುಮಾರು ಅಷ್ಟೇ! ಕರೆಂಟು 20 ಆಂಪಿಯರಿಗೆ ಇಳಿದರೆ ಬರೀ 8 ವ್ಯಾಟ್. ಆದ್ದರಿಂದ ಹಗಲು ತಣ್ಣಗಿದ್ದ ಜೋಡಣೆ, ರಾತ್ರಿ ದೀಪ ಹಚ್ಚಿದಾಗ ಸುಡುತ್ತದೆ.

ಕೆಚ್ಚಲು ಬಾವು ಬಂದಾಗ ನೀವು ಏನು ಮಾಡುತ್ತೀರಿ? ನಾಲ್ಕೂ ಭಾಗ ಮುಟ್ಟಿ, ಯಾವುದು ಹೆಚ್ಚು ಬಿಸಿ ಎಂದು ಹೋಲಿಸುತ್ತೀರಿ. ಇಲ್ಲಿಯೂ ಹಾಗೆಯೇ. ಇಂಜಿನ್ ಬಳಿ ಎಲ್ಲವೂ ಬೆಚ್ಚಗಿರುತ್ತದೆ. ಪಕ್ಕದ ಜೋಡಣೆಗಿಂತ ಬಿಸಿಯಾದದ್ದೇ ರೋಗಿ. ಕಪ್ಪಿಟ್ಟ ನಟ್ಟು, ಕರಗಿದ ಪ್ಲಾಸ್ಟಿಕ್, ಹಸಿರು ಅಥವಾ ಬಿಳಿ ಕಿಲುಬು, ಸುಟ್ಟ ವಾಸನೆ ಇವು ಅದರ ಲಕ್ಷಣಗಳು. ಇಂಜಿನ್ ನಿಲ್ಲಿಸಿ, ಉಂಗುರ ಮತ್ತು ಗಡಿಯಾರ ತೆಗೆದು, ಮೊದಲು ಕೈಯನ್ನು ಹತ್ತಿರ ಹಿಡಿದು ನೋಡಿ, ಒಮ್ಮೆಲೇ ಮುಟ್ಟಬೇಡಿ.

ಖಾತ್ರಿಗೆ ಮೀಟರು ಬೇಕು. 12 ವೋಲ್ಟಿನ ಗಾಡಿಯಲ್ಲಿ ಹೀಗೆ ಪರೀಕ್ಷಿಸಿ:

1. ಇಂಜಿನ್ ಸ್ವಲ್ಪ ಜೋರಾಗಿ ಓಡುತ್ತಿರಲಿ, ದೊಡ್ಡ ದೀಪ ಉರಿಯುತ್ತಿರಲಿ. ಧೋತರ, ಸೆರಗು, ಟವೆಲ್ ಬೆಲ್ಟಿಗೆ ಸಿಕ್ಕದಂತೆ ನೋಡಿಕೊಳ್ಳಿ. ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು.

2. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬಕ್ಕೆ ಇಡಿ. 0.3 ವೋಲ್ಟಿಗಿಂತ ಹೆಚ್ಚು ತೋರಿದರೆ ದಾರಿಯಲ್ಲಿ ದೋಷವಿದೆ. ಒಂದೊಂದೇ ಜೋಡಣೆಯ ಎರಡೂ ಬದಿಗೆ ಇಟ್ಟು ನೋಡುತ್ತ ಬನ್ನಿ, ಕಳ್ಳ ಸಿಗುತ್ತಾನೆ.

3. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ಹಾಗೆಯೇ ಅಳೆಯಿರಿ. ಇಲ್ಲಿ 0.2 ವೋಲ್ಟಿಗಿಂತ ಹೆಚ್ಚಿರಬಾರದು. ಅರ್ಥ್ ತಂತಿಯನ್ನು ನಾವು ಮರೆಯುವುದೇ ಹೆಚ್ಚು.

ಇಂಜಿನ್ ಓಡುವಾಗ ಬ್ಯಾಟರಿಯ ತಂತಿ ಬಿಚ್ಚಿ ಪರೀಕ್ಷಿಸುವ ರೂಢಿಯನ್ನು ಬಿಡಿ. ಆಲ್ಟರ್ನೇಟರಿನ ಡಯೋಡು ಸುಟ್ಟುಹೋಗಬಹುದು. ಫ್ಯೂಸು ಹಾರುವುದು ಕರೆಂಟು ಮಿತಿ ಮೀರಿದಾಗ. ಸಡಿಲು ಜೋಡಣೆಯಲ್ಲಿ ಕರೆಂಟು ಮಿತಿ ಮೀರದೆಯೇ ಶಾಖ ಹುಟ್ಟುತ್ತದೆ. ಆದ್ದರಿಂದ ಫ್ಯೂಸನ್ನು ನಂಬಿ ಕೂಡಬೇಡಿ, ದೊಡ್ಡ ಫ್ಯೂಸು ಹಾಕುವ ಗೋಜಿಗಂತೂ ಹೋಗಲೇಬೇಡಿ.

ರಿಪೇರಿಗೆ ಇಂಜಿನ್ ನಿಲ್ಲಿಸಿ, ಮೊದಲು ಮೈನಸ್ ಬಿಚ್ಚಿ, ಕೊನೆಗೆ ಅದನ್ನೇ ಕೂಡಿಸಿ. ಬ್ಯಾಟರಿಯ ಹತ್ತಿರ ಬೀಡಿ ಬೇಡ. ಬಿಳಿ ಕಿಲುಬನ್ನು ಸೋಡಾ ಬೆರೆಸಿದ ಬಿಸಿ ನೀರಿನಿಂದ ತೊಳೆಯಿರಿ, ನೀರು ಬ್ಯಾಟರಿಯೊಳಗೆ ಇಳಿಯದಿರಲಿ. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಸುಟ್ಟ ತುದಿಯನ್ನು ಬಿಗಿ ಮಾಡಿದರೆ ಸಾಲದು. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ಲಗ್ಗು ಹಾಕಿಸಿ. ತಿರುವಿ ಟೇಪು ಸುತ್ತುವುದು ರಿಪೇರಿಯಲ್ಲ.

ಟ್ರ್ಯಾಕ್ಟರ್ ಇದ್ದವರಿಗೂ ಈ ಮಾತು ಸಲ್ಲುತ್ತದೆ. ಒಣ ಕಣಕಿ ಹೇರುವ ಗಾಡಿಯಲ್ಲಿ ಒಂದು ಕಾದ ತಂತಿ ಸಾಕು, ವರ್ಷದ ಮೇವು ಬೂದಿಯಾಗಲು. ಜ್ವರವೇ ರೋಗವಲ್ಲ, ರೋಗದ ಗುರುತು. ಗಾಡಿಯ ಶಾಖವನ್ನೂ ಹಾಗೆಯೇ ತಿಳಿದು, ಬೇಸಿಗೆಗೆ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿರಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.