ಬ್ಯಾಕಪ್ ವ್ಯವಸ್ಥೆ: ನಕಲನ್ನು ತೆರೆದು ನೋಡುವವರು ಯಾರು?



ಉರ್ದು, ಕನ್ನಡ ಪಾಠ ಹೇಳುವವರಿಗೆ ಗಣಕಯಂತ್ರದ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ವಿಷಯ ಭಾಷೆಯಿಂದ ಅಷ್ಟೇನೂ ದೂರವಿಲ್ಲ. ಅಸಲು, ನಕಲು, ದಾಖಲೆ, ದಫ್ತರ, ತಾರೀಖು – ಕಚೇರಿಗಳಲ್ಲಿ ದಿನ ಬೆಳಗಾದರೆ ಬಳಸುವ ಈ ಮಾತುಗಳೆಲ್ಲ ಅರಬಿ, ಫಾರ್ಸಿಗಳಿಂದ ಹೊರಟು ಕನ್ನಡಕ್ಕೆ ಬಂದು ಕನ್ನಡವೇ ಆಗಿಬಿಟ್ಟಿವೆ. ಇವುಗಳಲ್ಲಿ ‘ನಕಲು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಪ್ರತಿ ಎಂದೂ ಹೌದು, ಖೋಟಾ ಎಂದೂ ಹೌದು. (ಪರೀಕ್ಷಾ ಕೊಠಡಿಯ ಮೂರನೆಯ ಅರ್ಥ ನಿಮಗೇ ಚೆನ್ನಾಗಿ ಗೊತ್ತು.) ಗಣಕಯಂತ್ರದ ಬ್ಯಾಕಪ್ ಎನ್ನುವುದು ಮೊದಲನೆಯ ಅರ್ಥದ ನಕಲು ಎಂದು ಎಲ್ಲರೂ ತಿಳಿದಿರುತ್ತಾರೆ. ಎಷ್ಟೋ ಕಡೆ ಅದು ಎರಡನೆಯ ಅರ್ಥದ್ದು ಎಂದು ಗೊತ್ತಾಗುವುದು ಅಸಲು ಹೋದ ಮೇಲೆ.

ನಿಮ್ಮಲ್ಲಿ ಬಿ.ಸಿ.ಎ., ಬಿ.ಎಸ್ಸಿ., ಡಿಪ್ಲೊಮಾ ಓದುತ್ತಿರುವವರು ಹಲವರಿದ್ದೀರಿ. ನಾಳೆ ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ರಾತ್ರಿ ಪಾಳಿಗೆ ಕೂತರೆ ಮೊದಲು ಕೈಗೆ ಬರುವ ಕೆಲಸಗಳಲ್ಲಿ ಈ ಬ್ಯಾಕಪ್ ನೋಡಿಕೊಳ್ಳುವುದೂ ಒಂದು. ಹೊಸಬರಿಗೆ ಕೊಡುವ ಸಣ್ಣ ಕೆಲಸ ಎಂದು ಇದನ್ನು ಭಾವಿಸುತ್ತಾರೆ. ಸಣ್ಣ ಕೆಲಸ ಅಲ್ಲ ಎಂದು ತೋರಿಸಲು ನಡೆದ ಒಂದು ಘಟನೆಯನ್ನೇ ಹೇಳುತ್ತೇನೆ.

ಗಿಟ್‌ಲ್ಯಾಬ್ ಎಂಬ ಸಂಸ್ಥೆ ಇದೆ. ಪ್ರಪಂಚದ ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಅಲ್ಲಿ ಇಟ್ಟುಕೊಳ್ಳುತ್ತಾರೆ. 2017ರ ಜನವರಿ 31ರ ರಾತ್ರಿ ಅವರ ದತ್ತಸಂಚಯ, ಅಂದರೆ ಡೇಟಾಬೇಸ್, ತೊಂದರೆಯಲ್ಲಿತ್ತು. ಅಸಲು ಇರುವ ಸರ್ವರ್ ಒಂದು, ಅದನ್ನು ಕ್ಷಣಕ್ಷಣವೂ ಅನುಕರಿಸುವ ಜೋಡಿ ಸರ್ವರ್ ಇನ್ನೊಂದು. ಜೋಡಿ ಹಿಂದೆ ಬಿದ್ದಿತ್ತು. ಅದರ ಕಡತಗಳನ್ನು ಅಳಿಸಿ ಹೊಸದಾಗಿ ತುಂಬೋಣವೆಂದು ಇಂಜಿನಿಯರೊಬ್ಬರು ಅಳಿಸುವ ಆಜ್ಞೆ ಕೊಟ್ಟರು. ಆದರೆ ಅವರು ಕೂತಿದ್ದ ಪರದೆ ಅಸಲಿನದು. ಒಂದೆರಡು ಸೆಕೆಂಡಿನಲ್ಲೇ ತಪ್ಪು ತಿಳಿದು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ಸುಮಾರು 4.5 ಗಿಗಾಬೈಟ್.

ಇಲ್ಲಿಯವರೆಗಿನದು ಯಾರಿಗಾದರೂ ಆಗಬಹುದಾದ ಕೈತಪ್ಪು. ಕಲಿಯಬೇಕಾದದ್ದು ಇದರ ಮುಂದಿದೆ. ಬ್ಯಾಕಪ್ ತರೋಣವೆಂದು ಹೋದರೆ, ದಿನಕ್ಕೊಮ್ಮೆ ನಕಲು ಹೋಗಿ ಬೀಳಬೇಕಿದ್ದ ಜಾಗ ಖಾಲಿ! ದತ್ತಸಂಚಯ ಇದ್ದದ್ದು ಪೋಸ್ಟ್‌ಗ್ರೆಸ್ ತಂತ್ರಾಂಶದ 9.6ನೆಯ ಆವೃತ್ತಿಯಲ್ಲಿ. ನಕಲು ತೆಗೆಯುವ ಸಾಧನ ಓಡುತ್ತಿದ್ದದ್ದು 9.2ನೆಯ ಆವೃತ್ತಿಯಲ್ಲಿ. ಹಳೆಯ ಸಾಧನಕ್ಕೆ ಹೊಸದನ್ನು ಓದಲು ಬಾರದೆ ಪ್ರತಿಸಲವೂ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಹಾಗಾದರೆ ಯಾರಿಗೂ ತಿಳಿಯಲಿಲ್ಲವೇ? ವಿಫಲವಾದಾಗ ಇ–ಮೇಲ್ ಹೋಗುವ ಏರ್ಪಾಡಿತ್ತು. ಆ ಇ–ಮೇಲುಗಳಿಗೆ ಸರಿಯಾದ ದೃಢೀಕರಣ ಇಲ್ಲದ್ದರಿಂದ ಅಂಚೆ ಸ್ವೀಕರಿಸುವ ಸರ್ವರ್ ಅವನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಡಿಸ್ಕಿನ ಚಿತ್ರ ತೆಗೆದಿಡುವ ಸೌಲಭ್ಯವನ್ನು ಕಡತಗಳ ಸರ್ವರುಗಳಿಗೆ ಹಾಕಿದ್ದರು, ದತ್ತಸಂಚಯದ ಸರ್ವರುಗಳಿಗೆ ಹಾಕಿರಲಿಲ್ಲ, ಉಳಿದ ಏರ್ಪಾಡುಗಳೇ ಸಾಕೆಂಬ ಭಾವನೆಯಿಂದ. ಕೊನೆಗೆ ಅವರನ್ನು ಉಳಿಸಿದ್ದು ಒಂದು ಆಕಸ್ಮಿಕ. ಬೇರಾವುದೋ ಪರೀಕ್ಷೆಗೆಂದು ಆ ಘಟನೆಗೆ ಸುಮಾರು ಆರು ಗಂಟೆ ಮೊದಲು ಇಂಜಿನಿಯರೊಬ್ಬರು ಕೈಯಾರೆ ಒಂದು ಪ್ರತಿ ತೆಗೆದಿಟ್ಟಿದ್ದರು. ಅದರಿಂದ ಎದ್ದು ನಿಂತರು. ನಡುವಿನ ಗಂಟೆಗಳಲ್ಲಿ ಬರೆಯಲಾದದ್ದು, ಸುಮಾರು 5,000 ಪ್ರಾಜೆಕ್ಟುಗಳ ವಿವರ, 5,000 ಟಿಪ್ಪಣಿಗಳು, 700 ಹೊಸ ಖಾತೆಗಳು, ಹೋದವು.

ಆ ಸಂಸ್ಥೆಯವರು ಇದನ್ನೆಲ್ಲ ಮುಚ್ಚಿಡದೆ ಲೋಕದ ಮುಂದೆ ಇಟ್ಟರು, ಅದು ದೊಡ್ಡತನ. ನಕಲು ಮರಳಿ ಬರುತ್ತದೆಯೇ ಎಂದು ಏಕೆ ಪರೀಕ್ಷಿಸಿರಲಿಲ್ಲ ಎಂಬ ಪ್ರಶ್ನೆಗೆ ಅವರೇ ಕೊಟ್ಟುಕೊಂಡ ಉತ್ತರದ ತಾತ್ಪರ್ಯ ಹೀಗೆ: ಆ ಕೆಲಸ ಯಾರೊಬ್ಬರ ಹೆಸರಿನಲ್ಲೂ ಇರಲಿಲ್ಲ. ಈ ಭಾಷಣದ ಶೀರ್ಷಿಕೆಯನ್ನು ನಾನು ತೆಗೆದುಕೊಂಡದ್ದು ಇಲ್ಲಿಂದಲೇ.

ಈಗ ದೊಡ್ಡ ಕಚೇರಿಗಳ ಬ್ಯಾಕಪ್ ತಂತ್ರಾಂಶದ ಒಳಗನ್ನು ಸ್ವಲ್ಪ ನೋಡೋಣ. ವೀಮ್, ನೆಟ್‌ಬ್ಯಾಕಪ್, ಕಾಮ್‌ವಾಲ್ಟ್ ಎಂದು ಹಣ ಕೊಟ್ಟು ಕೊಳ್ಳುವವು ಹಲವಿವೆ. ವಿದ್ಯಾರ್ಥಿಗಳಿಗೆ ನಾನು ಸೂಚಿಸುವುದು ಬಾಕುಲಾ. ಮುಕ್ತ ತಂತ್ರಾಂಶ, ದುಡ್ಡು ಬೇಡ. ಕೆರ್ನ್ ಸಿಬಾಲ್ಡ್ ಎಂಬುವವರು 2000ದಲ್ಲಿ ಬರೆಯತೊಡಗಿ 2002ರಲ್ಲಿ ಬಿಡುಗಡೆ ಮಾಡಿದರು. ಬ್ಯಾಕಪ್ ಮತ್ತು ಡ್ರಾಕುಲಾ ಎರಡನ್ನೂ ಕೂಡಿಸಿದ ಹೆಸರು ಅದು, ರಾತ್ರಿ ಹೊತ್ತು ಬಂದು ಗಣಕಯಂತ್ರದ ಸಾರ ಹೀರಿಕೊಂಡು ಹೋಗುತ್ತದೆ ಎಂಬ ತಮಾಷೆಗೆ. ಅದರ ಭಾಗಗಳನ್ನು ಅರಿತರೆ ಉಳಿದ ತಂತ್ರಾಂಶಗಳನ್ನು ಕಲಿಯುವುದೂ ಸುಲಭ. ಯಾವಾಗ ಏನು ಮಾಡಬೇಕೆಂದು ಹೇಳುವ ಡೈರೆಕ್ಟರ್. ಕಾಪಾಡಬೇಕಾದ ಪ್ರತಿ ಯಂತ್ರದಲ್ಲೂ ಕೂತು ಕಡತ ಓದುವ ಫೈಲ್ ಡೀಮನ್. ಟೇಪಿಗೋ ಡಿಸ್ಕಿಗೋ ಬರೆಯುವ ಸ್ಟೋರೇಜ್ ಡೀಮನ್. ಯಾವ ಕಡತ ಯಾವ ದಿನ ಯಾವ ಟೇಪಿಗೆ ಹೋಯಿತು ಎಂಬ ಜಮಾಖರ್ಚಿನ ಪುಸ್ತಕ, ಅದರ ಹೆಸರು ಕ್ಯಾಟಲಾಗ್. ಮೊದಲ ಮೂರೂ 9101, 9102, 9103 ಎಂಬ ಮೂರು ಬಾಗಿಲುಗಳಲ್ಲಿ ಮಾತಾಡುತ್ತವೆ.

ಹೊಸಬರು ಎಡವುವ ಜಾಗ ಈ ಮಾತುಕತೆಯಲ್ಲೇ ಇದೆ. ಡೈರೆಕ್ಟರ್ ತಾನೇ ಕಡತಗಳನ್ನು ಸಾಗಿಸುವುದಿಲ್ಲ. ‘ಸ್ಟೋರೇಜ್ ಇಂಥ ವಿಳಾಸದಲ್ಲಿದೆ, ಹೋಗಿ ಕೊಡು’ ಎಂದು ಫೈಲ್ ಡೀಮನ್‌ಗೆ ಹೇಳುತ್ತದೆ. ಸಂರಚನಾ ಕಡತದಲ್ಲಿ ಆ ವಿಳಾಸದ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದರೆ ಅದರ ಅರ್ಥ ‘ಇದೇ ಯಂತ್ರ’. ಡೈರೆಕ್ಟರ್ ಇರುವ ಯಂತ್ರದಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿ. ಉಳಿದ ಇಪ್ಪತ್ತು ಯಂತ್ರಗಳು ತಮ್ಮೊಳಗೇ ಸ್ಟೋರೇಜನ್ನು ಹುಡುಕಿ ಕಾಣದೆ ಸೋಲುತ್ತವೆ. ಜನ ಕೇಬಲ್ಲನ್ನೂ ಫೈರ್‌ವಾಲನ್ನೂ ಬಯ್ಯುತ್ತಾ ದಿನ ಕಳೆಯುತ್ತಾರೆ. ‘ಅಧಿಕೃತತೆಯ ತೊಂದರೆ’ ಎಂದು ಸಂದೇಶ ಬಂದರೆ ಮಾತ್ರ ದಾರಿ ಬೇರೆ. ಎರಡೂ ಕಡೆಯ ಕಡತಗಳಲ್ಲಿ ಹೆಸರು, ಗುಪ್ತಪದ ಅಕ್ಷರಶಃ ಹೊಂದುತ್ತವೆಯೇ ನೋಡಿರಿ.

ಆದರೆ ಹೀಗೆ ಕೂಗಿ ಹೇಳುವ ದೋಷಗಳಿಗೆ ನಾನು ಅಷ್ಟು ಹೆದರುವುದಿಲ್ಲ. ಕೆಂಪು ಅಕ್ಷರ ಕಂಡರೆ ಯಾರಾದರೂ ಸರಿಮಾಡುತ್ತಾರೆ. ಭಯ ಇರುವುದು ವರದಿಯ ಕೊನೆಗೆ ‘ಬ್ಯಾಕಪ್ ಓಕೆ’ ಎಂದು ಬರೆದು ಒಳಗೆ ಟೊಳ್ಳಾಗಿರುವವುಗಳದು. ಓಕೆ ಎಂದರೆ ನೀವು ಹೇಳಿದಷ್ಟನ್ನು ಮಾಡಿದೆ ಎಂದಷ್ಟೇ ಅರ್ಥ. ನಿಮಗೆ ಬೇಕಾದದ್ದನ್ನು ನೀವು ಹೇಳಿದ್ದಿರಾ ಎಂದು ಅದು ಕೇಳುವುದಿಲ್ಲ.

ಕೆಲವು ಉದಾಹರಣೆ ಕೇಳಿರಿ. ಬಾಕುಲಾಗೆ ‘ಬೇರಿನಿಂದ ಹಿಡಿದು ಎಲ್ಲ ಕಡತಗಳನ್ನೂ ತೆಗೆದುಕೋ’ ಎಂದು ಹೇಳಿದ್ದೀರಿ ಎನ್ನೋಣ. ಮೊದಲಿನಿಂದಲೇ ಅದಕ್ಕೊಂದು ನಿಯಮವಿದೆ: ತಾನು ಹೊರಟ ಡಿಸ್ಕ್ ವಿಭಾಗವನ್ನು ಬಿಟ್ಟು ಇನ್ನೊಂದು ವಿಭಾಗಕ್ಕೆ ಇಳಿಯುವುದಿಲ್ಲ. ಬಳಕೆದಾರರ ಕಡತಗಳು ಬೇರೆ ವಿಭಾಗದಲ್ಲಿದ್ದರೆ, ‘ಅದು ಬೇರೆ ವಿಭಾಗ, ಇಳಿಯುವುದಿಲ್ಲ’ ಎಂದು ವರದಿಯ ನಡುವೆ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ಕಾರ್ಯಾಚರಣ ವ್ಯವಸ್ಥೆ ಪೂರ್ತಿ ಟೇಪಿನಲ್ಲಿರುತ್ತದೆ, ಜನರ ಕೆಲಸ ಒಂದು ಅಕ್ಷರವೂ ಇರುವುದಿಲ್ಲ. ಇನ್ನೊಂದು. ದಿನನಿತ್ಯದ ಬ್ಯಾಕಪ್ ಹಿಂದಿನ ಸಲದಿಂದೀಚೆಗೆ ಬದಲಾದವನ್ನಷ್ಟೇ ತೆಗೆದುಕೊಳ್ಳುತ್ತದೆ, ಬದಲಾಯಿತೇ ಎಂದು ತಿಳಿಯುವುದು ಕಡತದ ಮೇಲಿನ ತಾರೀಖಿನಿಂದ. ಹಳೆಯ ತಾರೀಖನ್ನೇ ಹೊತ್ತ ಫೋಲ್ಡರೊಂದನ್ನು ನೀವು ಇಂದು ಇಲ್ಲಿಗೆ ಸರಿಸಿ ಇಟ್ಟರೆ ಅದಕ್ಕೆ ಇದು ಹೊಸದೆಂದು ಗೊತ್ತಾಗದೆ ಹೋಗಬಹುದು, ಮುಂದಿನ ಪೂರ್ಣ ಬ್ಯಾಕಪ್ ಬರುವವರೆಗೆ. ಇದಕ್ಕೆಂದೇ ‘ಅಕ್ಯುರೇಟ್’ ಎಂಬ ಆಯ್ಕೆ ಇದೆ. ಯಂತ್ರಕ್ಕೆ ಸ್ವಲ್ಪ ಶ್ರಮ ಹೆಚ್ಚು, ಆದರೂ ಹಾಕಿಕೊಳ್ಳುವುದು ಲೇಸು.

ದತ್ತಸಂಚಯದ ವಿಷಯ ಇನ್ನೂ ಸೂಕ್ಷ್ಮ. ಓಡುತ್ತಿರುವ ದತ್ತಸಂಚಯದ ಕಡತಗಳನ್ನು ಹಾಗೇ ನಕಲು ಮಾಡಿದರೆ ಅರ್ಧ ಹಳೆಯದು ಅರ್ಧ ಹೊಸದು ಸೇರಿ ಕೆಲಸಕ್ಕೆ ಬಾರದ್ದಾಗಬಹುದು. ಆದ್ದರಿಂದ ಬ್ಯಾಕಪ್‌ಗೆ ಮೊದಲು ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಿ ಅದರ ಸಾರವನ್ನು ಒಂದು ಕಡತಕ್ಕೆ ಇಳಿಸಿ, ಸಂಕುಚಿಸಿ, ಅದನ್ನು ಟೇಪಿಗೆ ಕಳಿಸುತ್ತಾರೆ. ಸ್ಕ್ರಿಪ್ಟ್ ಸೋತರೆ ಬಾಕುಲಾ ಕೆಲಸವನ್ನೇ ನಿಲ್ಲಿಸಿ ದೂರು ಹೇಳುತ್ತದೆ, ಸರಿ. ಆದರೆ ಇಳಿಸುವ ಆಜ್ಞೆ, ಸಂಕುಚಿಸುವ ಆಜ್ಞೆ ಎರಡನ್ನೂ ಕೊಳವೆಯಿಂದ ಜೋಡಿಸಿ ಒಂದೇ ಸಾಲಿನಲ್ಲಿ ಬರೆದಿದ್ದರೆ, ಲಿನಕ್ಸ್‌ನ ಷೆಲ್ ಮೊದಲಿನ ಕಟ್ಟಳೆಯಂತೆ ಕೊನೆಯ ಆಜ್ಞೆಯ ಫಲಿತಾಂಶವನ್ನು ಮಾತ್ರ ನೋಡುತ್ತದೆ. ಇಳಿಸುವುದು ಸೋತಿದೆ, ಸಂಕುಚಿಸುವುದು ‘ಏನೂ ಇಲ್ಲ’ವನ್ನು ಯಶಸ್ವಿಯಾಗಿ ಸಂಕುಚಿಸಿದೆ! ಜಿಜಿಪ್ ಸಾಧನದಿಂದ ಹಾಗೆ ಹುಟ್ಟುವ ಖಾಲಿ ಕಡತದ ತೂಕ 20 ಬೈಟು. ಅದನ್ನು ಪ್ರತಿರಾತ್ರಿ ಶ್ರದ್ಧೆಯಿಂದ ಟೇಪಿಗೆ ಏರಿಸಿ ಬ್ಯಾಕಪ್ ಓಕೆ ಎನ್ನುತ್ತದೆ. ಸ್ಕ್ರಿಪ್ಟಿನ ತಲೆಯಲ್ಲಿ ‘ಪೈಪ್‌ಫೇಲ್’ ಎಂಬ ಆಯ್ಕೆ ಹಾಕಿದರೆ ಈ ಕಳ್ಳದಾರಿ ಮುಚ್ಚುತ್ತದೆ. ವರದಿಯಲ್ಲಿ ಎಷ್ಟು ಕಡತ, ಎಷ್ಟು ಬೈಟು ಬರೆಯಿತೆಂಬ ಎರಡು ಸಾಲುಗಳಿರುತ್ತವೆ. ಹಿಂದಿನ ವಾರದ ಅದೇ ದಿನದ ಅಂಕಿಯ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿರಿ. ಓಕೆ ಎಂಬ ಪದಕ್ಕಿಂತ ಆ ಎರಡು ಅಂಕಿಗಳು ನನಗೆ ಹೆಚ್ಚು ನಂಬಿಕಸ್ಥವಾಗಿ ಕಾಣುತ್ತವೆ.

ಜಾಗ ಮುಗಿದಾಗ ಬರುವ ಆತುರವೂ ಒಂದು ಅಪಾಯ. ‘ಬರೆಯಲು ಟೇಪಿಲ್ಲ’ ಎಂದು ಕೆಲಸ ಕಾಯುತ್ತಾ ನಿಂತಿರುತ್ತದೆ, ಅದರ ಹಿಂದೆ ಉಳಿದವು ಸಾಲುಗಟ್ಟುತ್ತವೆ. ಹಳೆಯ ನಕಲುಗಳನ್ನು ಇಷ್ಟು ದಿನ ಕಾಪಾಡು ಎಂಬ ಅವಧಿಯನ್ನು ಮೊಟಕು ಮಾಡಿಬಿಟ್ಟರೆ ಸಾಲು ಕರಗುತ್ತದೆ ಎಂದು ಯಾರೋ ಸಲಹೆ ಕೊಡುತ್ತಾರೆ. ತಿಂಗಳಿಗೊಮ್ಮೆ ಪೂರ್ಣ ಬ್ಯಾಕಪ್ ತೆಗೆಯುವ ಕಡೆ ಆ ಅವಧಿಯನ್ನು ಮೂರು ವಾರಕ್ಕೆ ಇಳಿಸಿದರೆ, ಹೊಸ ಪೂರ್ಣ ಪ್ರತಿ ಬರುವ ಮೊದಲೇ ಹಳೆಯದರ ಮೇಲೆ ಬರೆಯಲು ಅನುಮತಿ ಕೊಟ್ಟಂತೆ. ದಿನನಿತ್ಯದವು ಪೂರ್ಣ ಪ್ರತಿಯ ಆಸರೆ ಇಲ್ಲದೆ ನಿಲ್ಲಲಾರವು. ಇನ್ನೊಂದು ಮಾತು: ಅವಧಿಯನ್ನು ಸಂರಚನಾ ಕಡತದಲ್ಲಿ ಬದಲಿಸಿದರೆ ಅದು ಮುಂದೆ ಹುಟ್ಟುವ ಟೇಪುಗಳಿಗಷ್ಟೇ ಅನ್ವಯ. ಈಗಾಗಲೇ ಇರುವವಕ್ಕೆ ಕನ್ಸೋಲಿನಲ್ಲಿ ‘ಅಪ್‌ಡೇಟ್’ ಆಜ್ಞೆ ಕೊಡಬೇಕು. ಬದಲಿಸಿದ್ದೇನೆ, ಆದರೂ ಬದಲಾಗಿಲ್ಲ ಎಂದು ತಲೆ ಕೆರೆದುಕೊಳ್ಳುವವರು ನೋಡಬೇಕಾದದ್ದು ಇದನ್ನೇ.

ಕಾವಲುಗಾರನೇ ಮನೆ ಬರಿದು ಮಾಡಿದ್ದೂ ಉಂಟು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ 2021ರ ಡಿಸೆಂಬರ್ 14ರಿಂದ 16ರವರೆಗೆ ಸುಮಾರು 77 ಟೆರಾಬೈಟ್, ಸುಮಾರು 3 ಕೋಟಿ 40 ಲಕ್ಷ ಕಡತಗಳು ಅಳಿದುಹೋದವು. ಅಳಿಸಿದ್ದು ಬ್ಯಾಕಪ್ ವ್ಯವಸ್ಥೆಯ ಸ್ಕ್ರಿಪ್ಟೇ! ಹಳೆಯ ದಿನಚರಿ ಕಡತಗಳನ್ನು ಗುಡಿಸಲೆಂದು ಬರೆದದ್ದು ಅದು. ಓದಲು ಸುಲಭವಾಗಲೆಂದು ತಯಾರಕರ ಕಡೆಯವರು ಅದರೊಳಗಿನ ಹೆಸರುಗಳನ್ನು ಬದಲಿಸಿ, ಹಳೆಯದು ಇನ್ನೂ ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಇಟ್ಟರು. ಷೆಲ್ ನಡುವಿನಿಂದ ಹೊಸದನ್ನು ಓದತೊಡಗಿತು. ಯಾವ ಫೋಲ್ಡರ್ ಗುಡಿಸಬೇಕೆಂಬ ಹೆಸರು ಅಲ್ಲಿ ಖಾಲಿ. ಗುಡಿಸಬಾರದ್ದನ್ನು ಗುಡಿಸಿತು. 14 ಸಂಶೋಧನಾ ಗುಂಪುಗಳಿಗೆ ಪೆಟ್ಟು ಬಿತ್ತು, ಅವರಲ್ಲಿ ನಾಲ್ಕು ಗುಂಪುಗಳ ಕಡತಗಳನ್ನು ಬ್ಯಾಕಪ್‌ನಿಂದಲೂ ತರಲಾಗಲಿಲ್ಲ. ತಯಾರಕ ಸಂಸ್ಥೆ ಹೊಣೆ ಪೂರ್ತಿ ತನ್ನದೆಂದು ಒಪ್ಪಿಕೊಂಡಿತು. ಇದಕ್ಕೆ ವಿರುದ್ಧವಾದದ್ದು ದಕ್ಷಿಣ ಕೊರಿಯದ್ದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್ ಭಂಡಾರ ಸುಟ್ಟುಹೋಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಬೇರೆ ಕಡೆ ನಕಲೇ ಇರಲಿಲ್ಲ.

ನಮ್ಮಂಥ ಸಂಘಗಳಿಗೆ ಟೆರಾಬೈಟುಗಳ ಚಿಂತೆ ಇಲ್ಲ. ಆದರೂ ವಿದ್ಯಾರ್ಥಿವೇತನದ ಅರ್ಜಿಗಳ ಒಂದು ಕಡತ ಅಳಿದರೆ, ಶುಲ್ಕ ಕಟ್ಟುವ ಕಡೆಯ ದಿನದ ಮುಂದೆ ನಿಂತ ಒಬ್ಬ ಹುಡುಗಿಗೆ ಅದು 858 ಟೆರಾಬೈಟಿಗಿಂತ ಕಡಿಮೆಯ ಮಾತಲ್ಲ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಪಾಠ ಮಾಡಿದವರೇ ಉತ್ತರಪತ್ರಿಕೆಯನ್ನೂ ತಿದ್ದಿದರೆ ಹೇಗೋ ಹಾಗೆ, ಬ್ಯಾಕಪ್ ಹೊಂದಿಸಿದವರೇ ಅದನ್ನು ಪರೀಕ್ಷಿಸಬಾರದು. ಇನ್ನೊಬ್ಬರನ್ನು ಕೂರಿಸಿರಿ. ಮೂರು ವಾರದ ಹಿಂದಿನ ಯಾವುದಾದರೂ ಒಂದು ದಿನ ಆರಿಸಿ, ಅಂದಿನ ಕಡತಗಳನ್ನು ಬೇರೊಂದು ಯಂತ್ರದ ಬೇರೊಂದು ಫೋಲ್ಡರಿಗೆ ಮರಳಿ ತರಲು ಹೇಳಿರಿ. ಅಸಲಿನ ಮೇಲೆ ಯಾವ ಕಾರಣಕ್ಕೂ ಬೇಡ. ದತ್ತಸಂಚಯವಾದರೆ ಕಡತ ಬಂದರೆ ಸಾಲದು, ಅದನ್ನು ತೆರೆದು ಒಂದು ಹೆಸರು ಹುಡುಕಿಸಿರಿ. ಆಮೇಲೆ ಇದನ್ನೇ ಕ್ಯಾಟಲಾಗ್ ಇಲ್ಲವೆಂದು ಭಾವಿಸಿಕೊಂಡು ಮಾಡಿಸಿರಿ. ಏಕೆಂದರೆ ಬೆಂಕಿ ಬಿದ್ದಾಗ ಜಮಾಖರ್ಚಿನ ಪುಸ್ತಕವೂ ಸುಡುತ್ತದೆ. ಅದಕ್ಕೇ ಬಾಕುಲಾ ಪ್ರತಿ ಕೆಲಸಕ್ಕೂ ‘ಬೂಟ್‌ಸ್ಟ್ರಾಪ್’ ಎಂಬ ಒಂದು ಪುಟ್ಟ ಚೀಟಿ ಬರೆದುಕೊಡಬಲ್ಲದು, ಯಾವ ಟೇಪಿನ ಯಾವ ಜಾಗದಲ್ಲಿ ಏನಿದೆ ಎಂದು. ಅದನ್ನು ಬೇರೆ ಊರಿನ ಇ–ಮೇಲ್ ಪೆಟ್ಟಿಗೆಗೆ ಹೋಗುವಂತೆ ಮಾಡಿರಿ. ಆ ಚೀಟಿಯೂ ಇಲ್ಲದಿದ್ದರೆ ‘ಬಿಸ್ಕ್ಯಾನ್’ ಎಂಬ ಸಾಧನ ಟೇಪುಗಳನ್ನೇ ಮೊದಲಿನಿಂದ ಕೊನೆಯವರೆಗೆ ಓದಿ ಪುಸ್ತಕವನ್ನು ಮತ್ತೆ ಬರೆಯುತ್ತದೆ, ತಾಳ್ಮೆ ಬೇಕು.

ಈ ಇಡೀ ಪರೀಕ್ಷೆಗೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ರಿಜಿಸ್ಟರಿನಲ್ಲಿ ಬರೆದು, ಮಾಡಿದವರ ಸಹಿ ಹಾಕಿಸಿರಿ. ಗಿಟ್‌ಲ್ಯಾಬಿನವರಿಗೆ ಆ ರಾತ್ರಿ ಪ್ರತಿ ಸಿಕ್ಕಿದ ಮೇಲೂ, ಅದಿದ್ದ ಡಿಸ್ಕ್ ನಿಧಾನದ್ದಾಗಿದ್ದರಿಂದ, ಮರಳಿ ಸಾಗಿಸಲು ಹಿಡಿದದ್ದು ಸುಮಾರು 18 ಗಂಟೆ.