ಸಂಶಯಕ್ಕೂ ಸನದ್ ಬೇಕು

(ಚಿತ್ರದುರ್ಗದಲ್ಲಿ ಕಾನೂನು ಹಾಗೂ ಪತ್ರಿಕೋದ್ಯಮ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಅಪರಾಧವೊಂದು ನಡೆದ ಮರುಗಳಿಗೆಯಲ್ಲೇ ‘ಇದರ ಹಿಂದೆ ದೊಡ್ಡ ಪಿತೂರಿಯಿದೆ’ ಎಂಬ ಮಾತು ಹುಟ್ಟುತ್ತದೆ. ಅಪರಾಧವನ್ನು ಅಧ್ಯಯನ ಮಾಡುವವರು ಆ ಮಾತನ್ನು ನಕ್ಕು ತಳ್ಳಿಹಾಕಬಾರದು. ಪಿತೂರಿಗಳು ನಡೆಯುತ್ತವೆ, ಕಾನೂನೇ ಅದನ್ನು ಒಳಸಂಚು ಎಂದು ಕರೆದು ಶಿಕ್ಷೆ ಗೊತ್ತುಪಡಿಸಿದೆ. 2024ರ ಜೂನ್‌ನಲ್ಲಿ ಇದೇ ಚಿತ್ರದುರ್ಗದ ಯುವಕನೊಬ್ಬನ ಶವ ಬೆಂಗಳೂರಿನಲ್ಲಿ ಸಿಕ್ಕಾಗ, ಕೆಲವರು ಠಾಣೆಗೆ ಬಂದು, ಹಣದ ಜಗಳದಲ್ಲಿ ತಾವೇ ಕೊಂದೆವೆಂದರು. ಪೊಲೀಸರು ಅಷ್ಟಕ್ಕೇ ಕಡತ ಮುಚ್ಚಿದ್ದರೆ? ಹೇಳಿಕೆಗಳು ತಾಳೆಯಾಗದ ಕಾರಣ ತನಿಖೆ ಮುಂದುವರಿಸಿ, ಚಿತ್ರನಟ ದರ್ಶನ್ ಸೇರಿದಂತೆ 17 ಮಂದಿಯ ಮೇಲೆ 3,991 ಪುಟಗಳ ಆರೋಪಪಟ್ಟಿ ಸಲ್ಲಿಸಿದರು. ಆರೋಪ ನಿಜವೋ ಅಲ್ಲವೋ ಎಂದು ಹೇಳಬೇಕಾದುದು ನ್ಯಾಯಾಲಯ. ನಾವಲ್ಲ, ಟಿವಿ ವಾಹಿನಿಗಳಂತೂ ಅಲ್ಲವೇ ಅಲ್ಲ.

ಆದರೆ ಸಂಚಿನ ಆರೋಪವು ಸಾಬೀತಾಗದೆಯೂ ಬದುಕನ್ನು ನುಂಗಬಲ್ಲದು. 2008ರಲ್ಲಿ ಹುಬ್ಬಳ್ಳಿಯ ಭಯೋತ್ಪಾದನಾ ಸಂಚಿನ ಪ್ರಕರಣದಲ್ಲಿ ಬಂಧಿತರಾದ ಮುಸ್ಲಿಮ್ ಯುವಕರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. ಆ ಪ್ರಕರಣದ 17 ಮಂದಿಯೂ ಖುಲಾಸೆಯಾದದ್ದು 2015ರ ಏಪ್ರಿಲ್‌ನಲ್ಲಿ. ಏಳು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿ ವೈದ್ಯನಾಗಿ ಊರಿಗೆ ಮರಳಬಹುದಿತ್ತು.

ಇನ್ನೊಂದು ಪ್ರಕರಣ ನಮಗೆ ಕಹಿಯಾದುದು. 2000ರ ಜೂನ್ ಮತ್ತು ಜುಲೈಯಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರಿನ ಚರ್ಚ್‌ಗಳಲ್ಲಿ ಬಾಂಬ್‌ಗಳು ಸಿಡಿದವು. ಅನೇಕರ ಬೆರಳು ಹಿಂದುತ್ವವಾದಿ ಸಂಘಟನೆಗಳತ್ತ ತಿರುಗಿತು. ಕ್ರೈಸ್ತರ ಮೇಲೆ ದೇಶದಲ್ಲಿ ಆಗ ನಡೆದಿದ್ದ ದಾಳಿಗಳನ್ನು ನೆನೆದರೆ ಆ ಅನುಮಾನ ಅಸಹಜವೇನಲ್ಲ. ಆದರೆ ಜುಲೈ 9ರಂದು ಬೆಂಗಳೂರಿನಲ್ಲಿ ಬಾಂಬ್ ಸಾಗಿಸುತ್ತಿದ್ದ ವ್ಯಾನೇ ಸಿಡಿದು ಇಬ್ಬರು ಸತ್ತರು. ತನಿಖೆಯ ಜಾಡು ದೀನ್‌ದಾರ್ ಅಂಜುಮನ್‌ಗೆ ಸೇರಿದವರತ್ತ ಸಾಗಿತು. 2008ರಲ್ಲಿ ವಿಶೇಷ ನ್ಯಾಯಾಲಯವು ಹಲವರನ್ನು ಅಪರಾಧಿಗಳೆಂದು ಸಾರಿತು. ಆ ವ್ಯಾನ್ ಸಿಡಿಯದಿದ್ದರೆ ನಾವೆಲ್ಲ ಇಂದಿಗೂ ಯಾವ ಕಥೆಯನ್ನು ನಂಬಿಕೊಂಡಿರುತ್ತಿದ್ದೆವು?

ಮದ್ರಸಾದಲ್ಲಿ ಹದೀಸ್ ಕಲಿಯುವಾಗ ನಾವು ಮೊದಲು ನೋಡುವುದು ಸನದ್. ಯಾರು ಯಾರಿಂದ ಕೇಳಿದರು, ಅವರಿಬ್ಬರೂ ಭೇಟಿಯಾಗಿದ್ದರೇ, ಹೇಳಿದವನ ನೆನಪು, ನಡತೆ ಎಂಥದು? ಅಪರಾಧ ಸಂಶೋಧಕನೂ ಕೇಳಬೇಕಾದುದು ಇದನ್ನೇ. ಯಾವ ಸಾಕ್ಷ್ಯ ಸಿಕ್ಕರೆ ಈ ಕಥೆ ಸುಳ್ಳೆಂದು ಒಪ್ಪುತ್ತೀರಿ ಎಂದು ಹೇಳುವವರನ್ನೇ ಪ್ರಶ್ನಿಸಬೇಕು. ಆ ಹೇಳುವವರು ಪೊಲೀಸರಿರಲಿ, ನಮ್ಮ ಮೊಹಲ್ಲಾದ ಹಿರಿಯರಿರಲಿ. ಸಾಕ್ಷ್ಯವಿಲ್ಲದಿರುವುದನ್ನೇ ‘ನೋಡಿ, ಮುಚ್ಚಿಹಾಕಿದ್ದಾರೆ’ ಎಂದು ಸಾಕ್ಷ್ಯವಾಗಿಸುವ ಕಥೆ ಎಂದಿಗೂ ಸೋಲುವುದಿಲ್ಲ, ಆದ್ದರಿಂದಲೇ ಅದು ಸಂಶೋಧಕನಿಗೆ ನಿರುಪಯುಕ್ತ. ಜನರು ಅದನ್ನು ಏಕೆ ನಂಬಿದರು ಎಂಬುದನ್ನು ಮಾತ್ರ ಗೌರವದಿಂದ ಕೇಳಿ ಬರೆದುಕೊಳ್ಳಬೇಕು. ಹುಬ್ಬಳ್ಳಿಯ ಪ್ರಕರಣವನ್ನು ಕಂಡವರು ಪೊಲೀಸರ ಮಾತನ್ನು ಸಂಶಯಿಸಿದರೆ ಅದು ಮೌಢ್ಯವಲ್ಲ, ಅನುಭವ.

ಹುಬ್ಬಳ್ಳಿ ಪ್ರಕರಣದ ತೀರ್ಪನ್ನೂ ಚರ್ಚ್ ಸ್ಫೋಟಗಳ ತೀರ್ಪನ್ನೂ ಪಕ್ಕಪಕ್ಕದಲ್ಲಿಟ್ಟು ಓದಿರಿ. ಸಾಕ್ಷ್ಯದ ಸರಪಳಿ ಒಂದರಲ್ಲಿ ಎಲ್ಲಿ ಕಡಿಯಿತು, ಇನ್ನೊಂದರಲ್ಲಿ ಎಲ್ಲಿ ಕೂಡಿತು ಎಂದು ಗುರುತು ಹಾಕಿಕೊಳ್ಳಿರಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.